ಮೊದಲ ಇಂಚು ಇಲ್ಲದ ಟೇಪು

ಕಳೆದ ತಿಂಗಳು ನಮ್ಮ ಮನೆಯ ಎರಡು ಬಾಗಿಲುಗಳಿಗೆ ಹೊಸ ಪರದೆ ಬಂದವು. ಎರಡೂ ಬೇಕಾದ್ದಕ್ಕಿಂತ ಒಂದೊಂದು ಇಂಚು ಉದ್ದ. ಗಾಳಿ ಬಂದಾಗಲೆಲ್ಲ ನೆಲ ಗುಡಿಸುತ್ತಿದ್ದವು. ನನ್ನ ಹೆಂಡತಿ ಕಮಲಾ ಪರದೆಯ ಅಂಚು ಹಿಡಿದು ನಿಂತು, "ಅಂಗಡಿಯವಗ ಕಣ್ಣ ಕಾಣೂದಿಲ್ಲೇನ್ರಿ? ಒಂದಕ್ಕ ತಪ್ಪಿದ್ರ ಹೋಗ್ಲಿ ಅನಬಹುದು. ಎರಡಕ್ಕೂ ತಪ್ಪ್ಯಾನು, ಅದೂ ಅಗದಿ ಸಮಾ" ಎಂದಳು.

ತಪ್ಪು ಎಲ್ಲ ಕಡೆಯೂ ಸಮನಾಗಿ ಬಂದರೆ ಮನುಷ್ಯನನ್ನು ಬಿಟ್ಟು ಅಳತೆಪಟ್ಟಿಯನ್ನು ಅನುಮಾನಿಸಬೇಕು. ಇದನ್ನು ನನಗೆ ಹಿಂದೆ ಒಬ್ಬಳು ಕಲಿಸಿದ್ದಳು. ಬಾಗಿಲನ್ನು ಯಾವುದರಿಂದ ಅಳೆದೆ ಎಂದು ಕಮಲಾಳನ್ನು ಕೇಳಿದೆ. ಅವಳು ನನ್ನ ಮೇಜಿನ ಖಾನೆಯಿಂದ ಒಂದು ಸುರುಳಿ ತಂದು ಕೈಗಿಟ್ಟಳು. ಹಳದಿ ಬಣ್ಣದ ದರ್ಜಿಯ ಟೇಪು. ಅಂಕಿಗಳು ಅರ್ಧ ಅಳಿಸಿವೆ. ತುದಿಯಲ್ಲಿ ಇರಬೇಕಾದ ಹಿತ್ತಾಳೆಯ ಪಟ್ಟಿ ಇಲ್ಲ, ಅದರ ಜೊತೆಗೆ ಮೊದಲ ಇಂಚೂ ಇಲ್ಲ. ಟೇಪು ಒಂದರಿಂದಲೇ ಶುರುವಾಗುತ್ತದೆ.

"ಇದರಾಗ ಅಳದ್ರ ಒಂದ್ ಇಂಚು ಕಳೀಬೇಕು" ಎಂದೆ.

"ಅದನ್ನ ಟೇಪಿನ ಮ್ಯಾಲೆ ಬರದಿಡಬೇಕಿಲ್ಲ? ಜಗತ್ತಿನ ಸುದ್ದಿ ಎಲ್ಲಾ ಬರದ್ರಿ, ಇದೊಂದು ಬರೀಲಿಕ್ಕೆ ಆಗಲಿಲ್ಲ" ಎಂದು ಅವಳು ಸೂಜಿ ದಾರ ಹುಡುಕಲು ಹೋದಳು.

ನಾನು ಟೇಪು ಹಿಡಿದು ಕುಳಿತೆ. ಸಂಜೆ ಚಹಾ ಆರಿತು. ಟೇಪಿನ ಕಥೆ ಹೇಳದೆ ಮುಂದಿನದು ತಿಳಿಯುವುದಿಲ್ಲ, ಆದ್ದರಿಂದ ಅದನ್ನೇ ಮೊದಲು ಹೇಳುತ್ತೇನೆ.

ನವಲಗುಂದದಿಂದ ಯಮನೂರಿನ ಕಡೆ ಹೋಗುವಾಗ ಬಲಕ್ಕೆ ಒಳಗೆ ನಮ್ಮ ಊರು. ಊರಿಗೆಲ್ಲ ಒಬ್ಬನೇ ದರ್ಜಿ, ರುದ್ರಪ್ಪಕಾಕಾ. ಅವನ ಮನೆಯ ಕಟ್ಟೆಯೇ ಅಂಗಡಿ. ಟೇಪಿನ ಮೊದಲ ಇಂಚು ಹೇಗೆ ಹೋಯಿತೆಂಬುದಕ್ಕೆ ಮೂರು ಹೇಳಿಕೆಗಳಿವೆ. ಕಾಕಾ ಹೇಳುತ್ತಿದ್ದುದು, ಇಸ್ತ್ರಿಪೆಟ್ಟಿಗೆಯ ಕೆಂಡ ಬಿದ್ದು ಸುಟ್ಟಿತೆಂದು. ಅವನ ಹೆಂಡತಿ ಕಾಕು ಹೇಳುತ್ತಿದ್ದುದು, ಕರು ತಿಂದಿತೆಂದು. ಅವರ ಮಗಳು ನೀಲಾ ನನಗೆ ಮಾತ್ರ ಹೇಳಿದ್ದು, "ನಾನs ಕತ್ತರಿಸಿದೆ. ಅಪ್ಪಗ ಗೊತ್ತಾಗ್ತೈತೋ ಇಲ್ಲೋ ನೋಡೂಣು ಅಂತ." ಮೂರು ಹೇಳಿಕೆಗಳಲ್ಲಿ ಹೇಳಿದವರಿಗೇ ಕೆಟ್ಟ ಹೆಸರು ತರುವಂಥದನ್ನು ನಂಬಬೇಕೆಂಬುದು ನಮ್ಮ ಪತ್ರಿಕಾ ಕಸುಬಿನ ಹಳೆಯ ಪಾಠ. ನಾನು ಮೂರನೆಯದನ್ನು ನಂಬುತ್ತೇನೆ.

ಕಾಕಾನಿಗೆ ಗೊತ್ತಾಯಿತು. ಗೊತ್ತಾದ ಮೇಲೆಯೇ ತೊಂದರೆ ಹೆಚ್ಚಾಯಿತು. ಅಂಗಿಯ ಉದ್ದ ಟೇಪಿನಲ್ಲಿ ಇಪ್ಪತ್ತೊಂಬತ್ತು ಕಂಡರೆ ಅವನು ಪ್ರಾಮಾಣಿಕವಾಗಿ ಒಂದು ಕಳೆದು ಇಪ್ಪತ್ತೆಂಟು ಎಂದು ಬರೆದುಕೊಳ್ಳುತ್ತಿದ್ದ. ಮರುದಿನ ಬಟ್ಟೆ ಹಾಸಿ, ಅದೇ ಟೇಪು ಹಿಡಿದು, ಇಪ್ಪತ್ತೆಂಟರ ಗೆರೆಗೆ ಕತ್ತರಿ ಹಾಕುತ್ತಿದ್ದ. ಬರುವುದು ಇಪ್ಪತ್ತೇಳು. ಆ ವರ್ಷ ನಮ್ಮ ಊರಿನ ಗಂಡಸರು ಬಗ್ಗಿದರೆ ಬೆನ್ನು ಕಾಣುತ್ತಿತ್ತು. ಸಂತೆಯಲ್ಲಿ ಪಕ್ಕದ ಊರಿನವರು ನಮ್ಮನ್ನು ಅಂಗಿಯ ಮೇಲೆ ಗುರುತು ಹಿಡಿಯುತ್ತಿದ್ದರು.

ನೀಲಾ ಮತ್ತು ನಾನು ಆಗ ಶಾಲೆಯ ಐದನೆಯ ಇಯತ್ತೆಯಲ್ಲಿದ್ದೆವು. ಒಂದು ಮಧ್ಯಾಹ್ನ ನನ್ನ ಅಂಗಿಗೆ ಅಳತೆ ನಡೆದಿತ್ತು. ನೀಲಾ ಗುಂಡಿ ಹಚ್ಚುತ್ತ ಕುಳಿತಿದ್ದಳು. ತಲೆ ಎತ್ತದೆ ಹೇಳಿದಳು: "ಅಪ್ಪಾ, ಕಳಿಯೂದೂ ಬ್ಯಾಡ, ಕೂಡ್ಸೂದೂ ಬ್ಯಾಡ. ಅಳಿಯೂದೂ ಅದs ಟೇಪು, ಕತ್ತರ್ಸೂದೂ ಅದs ಟೇಪು."

ಕಾಕಾ ಕತ್ತರಿ ಕೆಳಗಿಟ್ಟ. ಮಗಳ ಮುಖ ನೋಡಿದ. ಆಮೇಲೆ ಟೇಪು ನೋಡಿದ. "ಹೌದಲ್ಲೋ ಬಸ್ಯಾ" ಎಂದು, ಹೇಳಿದವಳನ್ನು ಬಿಟ್ಟು, ನನಗೆ ಅಂದ.

"ಎದಿಗೆ ಮಾತ್ರ ಹಂಗ ನಡಿಯೂದಿಲ್ಲ" ಎಂದಳು ನೀಲಾ. "ಎದಿ ಅಳತಿ ಅರ್ಧಾ ಮಾಡಿ ಎರಡ ಸಲ ಹಾಕ್ತಿ."

ಎದೆಗೆ ಏಕೆ ನಡೆಯುವುದಿಲ್ಲ ಎಂಬುದು ನನಗೆ ಇವತ್ತಿಗೂ ಪೂರ್ತಿ ಹೊಳೆದಿಲ್ಲ. ಕಾಕಾನಿಗೆ ಹೊಳೆಯಿತು. ಆ ಅಂಗಿ ನನಗೆ ಸರಿಯಾಗಿ ಕೂತಿತು. ಹೊಸ ಟೇಪು ತಂದರೆ ಈ ಪಾಡು ಇರುತ್ತಿರಲಿಲ್ಲ, ಆದರೆ ಇರುವುದನ್ನು ಒಗೆದು ಹೊಸದು ತರುವ ರೂಢಿ ನಮ್ಮಲ್ಲಿ ಇರಲಿಲ್ಲ.

ಕಳೆದ ತಿಂಗಳು, ಕಮಲಾ ಆ ಟೇಪು ಕೈಗಿಟ್ಟ ವಾರದಲ್ಲೇ, ನಾನು ಕೆಲಸ ಮಾಡಿ ನಿವೃತ್ತನಾದ ಪತ್ರಿಕೆಯ ಭಾನುವಾರದ ಪುರವಣಿಯಿಂದ ಫೋನು ಬಂತು. ಮಾತಾಡಿದ್ದು ಒಬ್ಬ ಉಪಸಂಪಾದಕಿ. "ಸರ್, ಅನ್ವಯ ಗಣಿತದ ಪ್ರೊಫೆಸರ್ ಒಬ್ಬರು ಪುಣೆಯಲ್ಲಿ ನಿವೃತ್ತರಾಗಿದ್ದಾರೆ. ನಿಮ್ಮ ಊರಿನವರಂತೆ. ಆರುನೂರು ಪದ ಬರೆದುಕೊಡ್ತೀರಾ? ಎಲ್ಲ ಅಂಕಿ ಅಂಶ ಒಮ್ಮೆ ಚೆಕ್ ಮಾಡಿ ಸರ್. ನಿಮಗೆ ಹೇಳಬೇಕಾಗಿಲ್ಲ, ಆದರೂ."

ಅವಳು ನಕ್ಕಳು. ಕಚೇರಿಯಲ್ಲಿ ನನಗೆ ಇದ್ದ ಅಡ್ಡಹೆಸರು ಅವಳಿಗೂ ಗೊತ್ತಿರಬೇಕು. ಯಾವ ವರದಿಯಲ್ಲಿ ಅಂಕಿ ಕಂಡರೂ ನಾನು ಅಂಚಿನಲ್ಲಿ ಕೆಂಪು ಪೆನ್ನಿನಿಂದ ಎರಡು ಮಾತು ಬರೆಯುತ್ತಿದ್ದೆ: ಯಾರು ಎಣಿಸಿದರು? ಸಭೆಯಲ್ಲಿ ಸಾವಿರಾರು ಜನ ಸೇರಿದ್ದರು ಎಂದರೆ, ಯಾರು ಎಣಿಸಿದರು? ನೂರಾರು ಮರ ಉರುಳಿದವು ಎಂದರೆ, ಯಾರು ಎಣಿಸಿದರು? ಹುಡುಗರು ನನ್ನ ಬೆನ್ನ ಹಿಂದೆ ನನ್ನನ್ನು ಹಾಗೆಯೇ ಕರೆಯುತ್ತಿದ್ದರು. "ಯಾರು ಎಣಿಸಿದರು ಬಂದರೇನು ಇವತ್ತು?" ಎಂದು ಒಬ್ಬ ಕೇಳಿದ್ದನ್ನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದೇನೆ.

ಆ ಹಟ ಎಲ್ಲಿಂದ ಬಂತೆಂದು ಅವರಿಗೆ ಗೊತ್ತಿರಲಿಲ್ಲ. ಇಲ್ಲಿ ಹೇಳುತ್ತೇನೆ. ನಾನು ಒಮ್ಮೆ ಹೊಲಕ್ಕೆ ಹೋಗದೆ ಒಂದು ಅಳತೆ ಬರೆದು ಕಳಿಸಿದ್ದೆ. ಕಳಿಸಿದ್ದು ನೀಲಾಳಿಗೆ. ಅವಳ ಸಂಶೋಧನೆಯ ಲೆಕ್ಕ ಅದರ ಮೇಲೆ ನಿಲ್ಲುವುದಿತ್ತು. ಅದನ್ನು ಅವಳಿಗೆ ಹೇಳಿರಲಿಲ್ಲ. ಈಗ ಅದೇ ನೀಲಾಳ ಬಗ್ಗೆ, ಎಲ್ಲ ಅಂಕಿ ಅಂಶ ಪರಿಶೀಲಿಸಿ, ಆರುನೂರು ಪದ ಬರೆಯಬೇಕಿತ್ತು.

ಎರೆ ಹೊಲ ನೋಡದವರಿಗೆ ಒಂದು ಮಾತು. ನಮ್ಮ ಕಪ್ಪು ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಕುಗ್ಗಿದಾಗ ಬಿರಿಯುತ್ತದೆ. ಬಿಳಿಜೋಳ ಕಿತ್ತ ಮೇಲೆ ಶಿವರಾತ್ರಿಯ ಸುಮಾರಿಗೆ ಹೊಲದ ತುಂಬ ಕೂದಲಿನಂಥ ಗೆರೆಗಳು. ಯುಗಾದಿಗೆ ಅವುಗಳಲ್ಲಿ ಬೆರಳು ಹೋಗುತ್ತದೆ. ಬಿಸಿಲು ಏರಿದಂತೆ ಇಡೀ ಕೈ. ನಾವು ಚೆಂಡಾಟ ಆಡಿ ಕಳೆದುಕೊಂಡ ರಬ್ಬರ್ ಚೆಂಡುಗಳು ಇವತ್ತಿಗೂ ಆ ಹೊಲದ ಹೊಟ್ಟೆಯಲ್ಲಿವೆ. ಬಿರುಕಿನೊಳಗೆ ಹರಳು ಬಿಟ್ಟು ಕಿವಿಗೊಡುವುದು ನಮ್ಮ ಇನ್ನೊಂದು ಆಟ. ಜೋಳದ ದಂಟು ಇಳಿಸಿ, ಯಾರ ದಂಟು ಹೆಚ್ಚು ಆಳಕ್ಕೆ ಹೋಯಿತೆಂದು ಜಗಳ. ಬಿರುಕಿನೊಳಗಿನ ಗಾಳಿ ತಂಪು, ಅದಕ್ಕೆ ಹಳೆಯ ಮಳೆಯ ವಾಸನೆ. ಅದು ನನ್ನ ಕಲ್ಪನೆಯೂ ಇರಬಹುದು. ಪರಿಶೀಲಿಸಿಲ್ಲ.

ನೀಲಾ ದಂಟು ಇಳಿಸುತ್ತಿರಲಿಲ್ಲ. ಅವಳು ಬಿರುಕುಗಳು ಕೂಡುವ ಜಾಗ ನೋಡುತ್ತ ಕೂಡುತ್ತಿದ್ದಳು. "ಹೆಚ್ಚಿನ ಕಡೆ ಮೂರs ಕೂಡ್ತಾವು ನೋಡು. ನಾಲ್ಕು ಕೂಡಿದ್ದು ಹುಡುಕಿಕೊಡು, ಬೋರೆಹಣ್ಣು ಕೊಡ್ತೀನಿ" ಎನ್ನುತ್ತಿದ್ದಳು. ನಾನು ಇಡೀ ಹೊಲ ತಿರುಗಿದೆ. ಆ ಬೋರೆಹಣ್ಣು ನನಗೆ ಸಿಗಲಿಲ್ಲ.

ಒಮ್ಮೆ ತನ್ನ ಒಡೆದ ಕೆಂಪು ಬಳೆಯ ಚೂರುಗಳನ್ನು ಬನ್ನಿ ಗಿಡದ ಹತ್ತಿರದ ಬಿರುಕಿಗೆ ಹಾಕಿದಳು. ಮುಂದಿನ ವರ್ಷ ಬಿರುಕು ಅಲ್ಲೇ ಬಿಡುತ್ತದೋ ಬೇರೆ ಕಡೆಯೋ ನೋಡಬೇಕಂತೆ. ನನ್ನ ಅಪ್ಪ ಅದನ್ನು ಕಂಡು, "ಏ ನೀಲವ್ವಾ, ಬಳಿ ಬಿತ್ತಿದ್ರ ಬಳಿ ಬೆಳಿತೈತೇನವಾ?" ಎಂದ. ಅವಳು ಸಿಟ್ಟಾಗಲಿಲ್ಲ. "ಬೆಳದ್ರ ನಿಮಗೂ ಒಂದು ಡಜನ್ ಕೊಡ್ತೀನ್ರಿ ಕಾಕಾ" ಎಂದಳು. ಮರುವರ್ಷ ಬಿರುಕು ಗಿಡದ ಹತ್ತಿರವೇ ಬಿಟ್ಟಿತ್ತು, ಬಳೆಚೂರು ಮಾತ್ರ ಎಲ್ಲೂ ಸಿಗಲಿಲ್ಲ. ನೆಲ ನುಂಗಿತ್ತು.

ಧಾರವಾಡದಲ್ಲಿ ಓದು ಮುಗಿಸಿ ಅವಳು ಸಂಶೋಧನೆಗೆ ಪುಣೆಗೆ ಹೋದಳು. ನಾನು ನವಲಗುಂದದಲ್ಲಿ ಪತ್ರಿಕೆಗೆ ಸುದ್ದಿ ಕಳಿಸುವ ಕೆಲಸ ಹಿಡಿದೆ. ಊರಿನಲ್ಲಿ ಜನ ಕಾಕುವನ್ನು ಕೇಳುತ್ತಿದ್ದರು, "ಮಗಳು ಲೆಕ್ಕಾ ಕಲತಾಳಂತಲ್ಲ, ಬ್ಯಾಂಕಿನ್ಯಾಗ ಅದಾಳೇನು?" ಕಾಕು, "ಇಲ್ಲವಾ, ಆಕಿ ಬಿರುಕ ನೋಡ್ತಾಳ" ಎನ್ನುತ್ತಿದ್ದಳು. ಕೇಳಿದವರು ಅನುಕಂಪದಿಂದ ಸುಮ್ಮನಾಗುತ್ತಿದ್ದರು. ಅದಕ್ಕಿಂತ ಒಳ್ಳೆಯ ವಿವರಣೆಯನ್ನು ನಾನು ಈವರೆಗೆ ಓದಿಲ್ಲ. ಒಣಗುವ ವಸ್ತು ಯಾವುದೇ ಇರಲಿ, ಅದು ಯಾವಾಗ ಬಿರಿಯುತ್ತದೆ, ಎಷ್ಟು ಅಗಲ, ಎಷ್ಟು ಆಳ ಎಂಬುದನ್ನು ಮೊದಲೇ ಲೆಕ್ಕದಲ್ಲಿ ಹೇಳುವುದು ಅವಳ ಕೆಲಸ. ಮುಂದೆ ಕಾಲುವೆಯ ಗೋಡೆ ಕಟ್ಟುವವರು, ಗುಳಿಗೆಯ ಮೇಲಿನ ಲೇಪ ಮಾಡುವವರು, ಬಣ್ಣ ತಯಾರಿಸುವವರು ಅವಳನ್ನು ಹುಡುಕಿಕೊಂಡು ಬಂದರು. ಶುರುವಾದದ್ದು ಮಾತ್ರ ನಮ್ಮ ಬನ್ನಿ ಗಿಡದ ಹೊಲದಿಂದ.

ಪುಣೆಯ ಪ್ರಯೋಗಾಲಯದಲ್ಲಿ ತಟ್ಟೆಗಳಲ್ಲಿ ಮಣ್ಣು ಕಲಸಿಟ್ಟು ಒಣಗಿಸುತ್ತಿದ್ದರಂತೆ. ತಟ್ಟೆಯ ಮಣ್ಣು ಹೊಲದ ಮಣ್ಣಿನ ಹಾಗೆ ನಡೆದುಕೊಳ್ಳುತ್ತದೋ ಇಲ್ಲವೋ ಎಂದು ಅವಳಿಗೆ ಅನುಮಾನ. ನನಗೆ ಒಂದು ಕಾರ್ಡು ಬಂತು. ಶಿವರಾತ್ರಿಯಿಂದ ಕಾರಹುಣ್ಣಿಮೆಯವರೆಗೆ, ಪ್ರತಿ ಭಾನುವಾರ ಬೆಳಿಗ್ಗೆ, ಗಿಡದ ಹತ್ತಿರದ ಅದೇ ಬಿರುಕಿನ ಅಗಲ ಅಳೆದು ಬರೆಯಬೇಕು. ಕೆಳಗೆ ಸಣ್ಣ ಅಕ್ಷರದಲ್ಲಿ: "ಮೂರು ಸಲ ಅಳಿ. ಮೂರನ್ನೂ ಬರಿ. ಸರಾಸರಿ ನಾ ಮಾಡ್ತೀನಿ, ನೀ ಮಾಡಬ್ಯಾಡ."

ನನ್ನ ಹತ್ತಿರ ಟೇಪು ಇರಲಿಲ್ಲ. ರುದ್ರಪ್ಪಕಾಕಾ ಅಷ್ಟರಲ್ಲಿ ಹೊಸದು ಕೊಂಡಿದ್ದ, ಹಳೆಯದನ್ನು ನನಗೆ ಕೊಟ್ಟ. ನಿಮ್ಮಪ್ಪನ ಟೇಪಿನಿಂದ ಅಳೆಯುತ್ತೇನೆಂದು ಬರೆದೆ. ಉತ್ತರ ಬಂತು: "ಟೇಪಿನ್ಯಾಗ ಕಂಡದ್ದನ್ನ ಬರಿ. ಒಂದ್ ಇಂಚು ನಾ ಕಳಿತೀನಿ. ಇಬ್ಬರೂ ಕಳದ್ರ ಅಪ್ಪ ಹೊಲಿದ ಅಂಗಿ ಆಗ್ತೈತಿ."

ಅಲ್ಲಿಂದ ಹದಿನಾರು ಭಾನುವಾರ. ನಾನು ಸೈಕಲ್ ತುಳಿದು ಹೊಲಕ್ಕೆ ಹೋಗುತ್ತಿದ್ದೆ, ಬಿರುಕಿನ ಮೇಲೆ ಟೇಪು ಅಡ್ಡ ಹಿಡಿಯುತ್ತಿದ್ದೆ, ಅಂಕಿ ಬರೆದುಕೊಂಡು ನವಲಗುಂದಕ್ಕೆ ಬಂದು ಕಾರ್ಡು ಹಾಕುತ್ತಿದ್ದೆ. ಕಾರ್ಡಿನಲ್ಲಿ ಮೂರು ಅಂಕಿ ಬಿಟ್ಟು ಬೇರೆ ಏನೂ ಇರುತ್ತಿರಲಿಲ್ಲ. ಅವಳಿಂದ ಬರುವ ಕಾರ್ಡಿನಲ್ಲಿ ಒಂದೇ ಶಬ್ದ: "ತಲುಪಿತು." ಇಷ್ಟು ಕಡಿಮೆ ಮಾತಿನ ಪತ್ರವ್ಯವಹಾರ ಯಾರೂ ನಡೆಸಿರಲಾರರು. ಆದರೂ ಗುರುವಾರ ಬಂದಿತೆಂದರೆ ನಾನು ಅಂಚೆಯವನ ಸೈಕಲ್ ಗಂಟೆಗೆ ಕಾಯುತ್ತಿದ್ದೆ. ಭಾನುವಾರದ ಬಿಸಿಲಲ್ಲಿ ಒಬ್ಬನೇ ಹೊಲದಲ್ಲಿ ಮಂಡಿಯೂರಿ ಕೂತಾಗ, ನಾನು ನೋಡುತ್ತಿರುವುದನ್ನೇ ಮತ್ತೊಬ್ಬರು ದೂರದಿಂದ ನೋಡುತ್ತಿದ್ದಾರೆ ಅನ್ನಿಸುತ್ತಿತ್ತು. ಆ ಅನ್ನಿಸಿಕೆ ಆಮೇಲೆ ನನಗೆ ಬೇರೆ ಯಾವ ಕೆಲಸದಲ್ಲೂ ಬರಲಿಲ್ಲ.

ಒಂಬತ್ತನೆಯ ಭಾನುವಾರ ನಾನು ಗುಡಗೇರಿಯಲ್ಲಿದ್ದೆ. ಸೋದರಮಾವನ ಮಗನ ಮದುವೆ. ಶನಿವಾರ ಬೆಳಿಗ್ಗೆಯೇ ಹೋಗಿದ್ದೆ. ಭಾನುವಾರ ಹೋಳಿಗೆ ಊಟ ಮುಗಿಸಿ, ರೈಲು ನಿಲ್ದಾಣದ ಬೇವಿನ ನೆರಳಿನಲ್ಲಿ ಕೂತಾಗ ಕಾರ್ಡಿನ ನೆನಪಾಯಿತು. ಕಾರಣ ದೊಡ್ಡದೇನೂ ಇರಲಿಲ್ಲ. ಜ್ವರ ಇರಲಿಲ್ಲ, ಬಸ್ಸು ಕೆಟ್ಟಿರಲಿಲ್ಲ. ಹೋಳಿಗೆ ತುಪ್ಪದ ನಿದ್ದೆ ಕಣ್ಣಿನಲ್ಲಿತ್ತು, ಅಷ್ಟೇ. ಹಿಂದಿನ ವಾರ ಟೇಪು ಸುಮಾರು ನಾಲ್ಕೂಕಾಲು ತೋರಿಸಿತ್ತು, ಅದರ ಹಿಂದಿನ ವಾರ ನಾಲ್ಕು. ಹಾಗಿದ್ದರೆ ಈ ವಾರ ನಾಲ್ಕೂವರೆ. ಮೂರು ಸಲ ಬರೆದೆ: ನಾಲ್ಕೂವರೆ, ನಾಲ್ಕೂವರೆ, ನಾಲ್ಕೂವರೆ. ಅಲ್ಲಿಯ ಡಬ್ಬಿಗೆ ಹಾಕಿದೆ.

ಸೋಮವಾರ ನವಲಗುಂದಕ್ಕೆ ಬಂದರೆ, ಶನಿವಾರ ಸಂಜೆ ಗಾಳಿ ಸಮೇತ ಆಲಿಕಲ್ಲು ಮಳೆ ಆಗಿತ್ತೆಂದು ಜನ ಹೇಳಿದರು. ನಾನು ವರದಿಗಾರ. ನಾಲ್ಕು ಜನರನ್ನು ಕೇಳಿ, ಮೂರು ಸಾಲಿನ ಸುದ್ದಿ ಬರೆದು ಕಳಿಸಿದೆ. ಅದರಲ್ಲಿ ನಮ್ಮ ಊರಿನ ಹೆಸರೂ ಇತ್ತು. ಕೊನೆಯ ಸಾಲು ನೆನಪಿದೆ: "ಬಿರುಕು ಬಿಟ್ಟಿದ್ದ ಎರೆ ಹೊಲಗಳು ತಂಪುಂಡವು ಎಂದು ತಿಳಿದುಬಂದಿದೆ." ಇದೇ ಕೈಯಿಂದ ಹಿಂದಿನ ದಿನ ಏನು ಬರೆದಿದ್ದೆ ಎಂಬುದು ಆ ಸಾಲು ಬರೆಯುವಾಗ ನನ್ನ ತಲೆಗೆ ಹೊಳೆಯಲೇ ಇಲ್ಲ. ಸುದ್ದಿಯ ಬಿರುಕು ಬೇರೆ, ನೀಲಾಳ ಬಿರುಕು ಬೇರೆ ಎಂಬಂತೆ ಇದ್ದೆ.

ಮುಂದಿನ ಭಾನುವಾರ ಹೊಲದಲ್ಲಿ ಮಂಡಿಯೂರಿದೆ. ಬಿರುಕಿನ ಅಂಚು ಕುಸಿದು, ಮಣ್ಣು ಉಬ್ಬಿ, ಟೇಪು ಮೂರರ ಆಸುಪಾಸು ತೋರಿಸಿತು. ಆಗ ಹೊಳೆಯಿತು. ಆ ದಿನದ ಕಾರ್ಡಿನಲ್ಲಿ ನಿಜವಾದ ಅಳತೆ ಬರೆದೆ. ಹಿಂದಿನದರ ಬಗ್ಗೆ ಏನೂ ಬರೆಯಲಿಲ್ಲ. ಮೂರು ಅಂಕಿಗಳ ಕಾರ್ಡಿನಲ್ಲಿ ತಪ್ಪೊಪ್ಪಿಗೆಗೆ ಜಾಗ ಇಲ್ಲವೆಂದು ನನಗೆ ನಾನೇ ಹೇಳಿಕೊಂಡೆ. ಜಾಗ ಬೇಕಾದಷ್ಟಿತ್ತು.

ಅವಳ ಉತ್ತರ ಬಂತು. "ತಲುಪಿತು."

ಕಾರಹುಣ್ಣಿಮೆಗೆ ಮಳೆ ಹಿಡಿಯಿತು, ಬಿರುಕು ಮುಚ್ಚಿತು, ಕಾರ್ಡು ನಿಂತವು. ಮುಂದಿನ ಶಿವರಾತ್ರಿಗೆ ಟೇಪು ಒರೆಸಿಟ್ಟುಕೊಂಡು ಕಾದೆ. ಕೇಳಿ ಕಾರ್ಡು ಬರಲಿಲ್ಲ. ಅವಳಿಗೆ ಬೇಕಾದಷ್ಟು ಅಳತೆ ಸಿಕ್ಕಿರಬೇಕು ಅಂದುಕೊಂಡೆ. ಅದರ ಮರುವರ್ಷ ನನ್ನ ಮದುವೆಯಾಯಿತು, ಹುಬ್ಬಳ್ಳಿ ಕಚೇರಿಗೆ ಹೋದೆ, ಕೆಂಪು ಪೆನ್ನು ಹಿಡಿದೆ.

ಹೇಳುವ ಅವಕಾಶ ಒಮ್ಮೆ ಬಂದಿತ್ತು. ರುದ್ರಪ್ಪಕಾಕಾ ತೀರಿಕೊಂಡಾಗ ನೀಲಾ ಊರಿಗೆ ಬಂದಿದ್ದಳು. ದಿನಕರ್ಮ ಮುಗಿದ ಮೇಲೆ ಇಬ್ಬರೂ ಹೊಲದ ಕಡೆ ನಡೆದೆವು. ಶ್ರಾವಣ ಮಾಸ. ಹೆಸರು ಬೆಳೆ ಮೊಣಕಾಲಿಗೆ ಬಂದಿತ್ತು, ನೆಲ ಕಾಣುತ್ತಿರಲಿಲ್ಲ. ಬನ್ನಿ ಗಿಡದ ಹತ್ತಿರ ನಿಂತು ನಾನು, "ನೀಲಾ, ಆ ವರ್ಷದ ಅಳತಿ" ಎಂದೆ. ಅವಳು ನನ್ನ ಕಡೆ ತಿರುಗಿ ನಿಂತಳು. ಪೂರ್ತಿ ತಿರುಗಿ, ಕೈಯಲ್ಲಿದ್ದ ಛತ್ರಿ ಊರಿ ನಿಂತಳು. ನಾನು, "ಉಪಯೋಗ ಆತಿಲ್ಲೋ?" ಎಂದುಬಿಟ್ಟೆ.

"ಆತು" ಎಂದಳು. ಬೆಳೆಯ ಕಡೆ ತಿರುಗಿ, "ಹೆಸರು ಚಲೋ ಬಂದೈತಿ" ಎಂದಳು. ಆಮೇಲೆ ನಾವು ಭೇಟಿಯಾಗಿಲ್ಲ.

ಪುರವಣಿಯ ಕೆಲಸಕ್ಕೆ ಅವಳಿಗೆ ಸಂದೇಶ ಕಳಿಸಿ, ನಿನ್ನ ಬಗ್ಗೆ ಬರೆಯಬೇಕಾಗಿದೆ, ಕಾಗದಪತ್ರ ಇದ್ದರೆ ಕಳಿಸು ಎಂದು ಕೇಳಿದೆ. ವಾರದಲ್ಲಿ ಒಂದು ಪೊಟ್ಟಣ ಬಂತು. ಒಳಗೆ ಅವಳ ಪ್ರಬಂಧದ ದಪ್ಪ ಪ್ರತಿ, ಮತ್ತು ದಾರ ಕಟ್ಟಿದ ಒಂದು ಹಳೆಯ ಲಕೋಟೆ.

ಪ್ರಬಂಧದಲ್ಲಿ ಅರ್ಥವಾಗುವ ಪುಟ ನನಗೆ ಒಂದೇ ಇತ್ತು, ಕೃತಜ್ಞತೆಯ ಪುಟ. ಗುರುಗಳಿಗೆ, ತಂದೆತಾಯಿಗೆ, ಆಮೇಲೆ: "ಹದಿನೈದು ಭಾನುವಾರ ಹೊಲಕ್ಕೆ ಹೋಗಿ ಅಳತೆ ಕಳಿಸಿದ ನನ್ನ ಊರಿನ ವರದಿಗಾರನಿಗೆ." ನಾನು ಅಭ್ಯಾಸಬಲದಿಂದ ಕೆಂಪು ಪೆನ್ನು ತೆಗೆದು ಹದಿನೈದಕ್ಕೆ ಸುತ್ತು ಹಾಕಿದೆ. ಹದಿನಾರು ಆಗಬೇಕು, ಬೆರಳಚ್ಚಿನ ತಪ್ಪು ಎಂದು ಅಂಚಿನಲ್ಲಿ ಬರೆಯುವಷ್ಟರಲ್ಲಿ ಕೈ ನಿಂತಿತು.

ಪುಟ ತಿರುವಿ ನಕ್ಷೆ ಹುಡುಕಿದೆ. ಬಿರುಕಿನ ಅಗಲ, ವಾರ ವಾರಕ್ಕೆ. ಕಪ್ಪು ಚುಕ್ಕೆಗಳು ಏರುತ್ತ ಹೋಗಿ, ಒಂದು ಕಡೆ ಇಳಿದು, ಮತ್ತೆ ಏರುತ್ತವೆ. ಎಣಿಸಿದೆ. ಹದಿನೈದು ಕಪ್ಪು ಚುಕ್ಕೆ. ಒಂಬತ್ತನೆಯದು ಮಾತ್ರ ಬರಿಯ ಸುತ್ತು, ಒಳಗೆ ಖಾಲಿ. ಗೆರೆ ಅದನ್ನು ಮುಟ್ಟದೆ ಕೆಳಗಿನಿಂದ ಹೋಗಿದೆ. ಅಡಿಟಿಪ್ಪಣಿ ಹೀಗಿತ್ತು: ಈ ವಾರ ಹೊಲದಲ್ಲಿ ಅಳತೆ ನಡೆದಿಲ್ಲ, ಬಂದ ಅಂಕಿಯನ್ನು ತೋರಿಸಿದೆ, ಲೆಕ್ಕಕ್ಕೆ ಹಿಡಿದಿಲ್ಲ.

ಲಕೋಟೆ ಬಿಚ್ಚಿದೆ. ನನ್ನ ಹದಿನಾರು ಕಾರ್ಡುಗಳು. ಒಂಬತ್ತನೆಯದಕ್ಕೆ ಗುಡಗೇರಿಯ ಮುದ್ರೆ ಸ್ಪಷ್ಟವಾಗಿತ್ತು, ಅದಕ್ಕೆ ಟಾಚಣಿಯಿಂದ ಚುಚ್ಚಿದ ಮೂರು ಸಾಲಿನ ಸುದ್ದಿ, ಆಲಿಕಲ್ಲು ಮಳೆಯದು. ಅದರ ಕೆಳಗೆ ಇನ್ನೂ ಪತ್ರಿಕೆಯ ಚೂರುಗಳಿದ್ದವು. ಅಣ್ಣಿಗೇರಿ ದಾರಿಯಲ್ಲಿ ಲಾರಿ ಉರುಳಿದ್ದು, ಹತ್ತಿಯ ಗಾಡಿಗಳು ಸಾಲು ನಿಂತದ್ದು, ಶಾಲೆಯ ಹೆಂಚು ಹಾರಿದ್ದು. ಎಲ್ಲ ನಾನು ಬರೆದವು. ಯಾವುದರಲ್ಲೂ ನನ್ನ ಹೆಸರಿಲ್ಲ. ಆ ಕಾಲದಲ್ಲಿ ತಾಲೂಕಿನ ವರದಿಗಾರನ ಹೆಸರು ಹಾಕುತ್ತಿರಲಿಲ್ಲ. ನಾನು ಒಂದನ್ನೂ ಇಟ್ಟುಕೊಂಡಿಲ್ಲ.

ಕಮಲಾ ಬಂದು ನೋಡಿದಳು. "ಊಟಾ ಮಾಡಿ ಫೋನ್ ಮಾಡ್ತೀರೋ, ಫೋನ್ ಮಾಡಿ ಊಟಾ ಮಾಡ್ತೀರೋ?" ಎಂದಳು. ಉತ್ತರಕ್ಕೆ ಕಾಯದೆ ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.

ಫೋನು ಮಾಡಿದೆ. ಪೊಟ್ಟಣ ಸಿಕ್ಕಿತೆಂದು ಹೇಳಿ, "ನೀಲಾ, ಒಂಬತ್ತನೇ ಕಾರ್ಡು ಸುಳ್ಳು ಬರದಿದ್ನಿ" ಎಂದೆ.

"ಹೂಂ. ಗೊತ್ತೈತಿ."

"ಮಳಿ ಸುದ್ದಿ ಓದಿ ಗೊತ್ತಾತು?"

"ಅದು ಆಮ್ಯಾಲೆ. ಇಲ್ಲೆ ಲೈಬ್ರರಿಗೆ ಆ ಪೇಪರ್ ಎರಡ ದಿವಸ ತಡಾ ಬರ್ತಿತ್ತು. ಕಾರ್ಡ ನೋಡಿದ ಕೂಡಲೆ ಅನ್ಸಿತು. ಮೂರೂ ಒಂದs ಇದ್ವು. ಮೊದಲಿನ ಎಂಟರಾಗ ಎಲ್ಲೂ ಮೂರು ಒಂದ ಬಂದಿದ್ದಿಲ್ಲ, ಆಮ್ಯಾಲಿನ ಏಳರಾಗೂ ಬರಲಿಲ್ಲ. ನೆಲ ಅಷ್ಟು ಶಿಸ್ತಿಂದಲ್ಲ ಬಸ್ಯಾ, ನೀನೂ ಅಲ್ಲ."

ನಾನು ನಗಬೇಕಾಗಿತ್ತು. ಆಗಲಿಲ್ಲ. "ಹಂಗಿದ್ರ ತಗದು ಒಗಿಬೇಕಿತ್ತು. ಖಾಲಿ ಸುತ್ತು ಯಾಕ ಹಾಕಿದಿ?"

"ತಗದು ಒಗದ್ರ ಅದೂ ಸುಳ್ಳs ಆಗ್ತಿತ್ತು. ಕಾರ್ಡ ಬಂದಿದ್ದು ಖರೇ ಅಲ್ಲ?"

"ಆಗಿಂದ ಆಗs ಹೇಳಬೇಕಿತ್ತು ನಾ."

"ಹೇಳ್ತಿ ಅಂತ ಮಾಡಿದ್ನಿ. ಹತ್ತನೇದರಾಗ ಬರ್ತೈತಿ ಅಂದ್ಕೊಂಡೆ. ಹನ್ನೊಂದನೇದರಾಗ. ಹದಿನಾರೂ ಬಂದು ಮುಗದು, ಮಳಿಗಾಲ ಹತ್ತಿತು." ಆ ಕಡೆ ಕುಕ್ಕರ್ ಕೂಗಿದ್ದು ಕೇಳಿಸಿತು. "ಅಪ್ಪ ತೀರಿಕೊಂಡಾಗ ಬಂದಿದ್ನೆಲ್ಲ, ಹೊಲದಾಗ. ಆಗೂ ಹೇಳ್ತಿ ಅಂತ ಮಾಡಿದ್ನಿ."

"ಅದಕ್ಕs ಮುಂದಿನ ವರ್ಷ ಅಳತಿ ಕೇಳಲಿಲ್ಲೇನು?"

"ಕೇಳಿ ಕಾರ್ಡ ಬರದಿದ್ನಿ. ಬರದು ಇಟ್ಕೊಂಡೆ, ಹಾಕಲಿಲ್ಲ. ಮತ್ತೊಂದು ಸುಳ್ಳು ಬಂದ್ರ ಏನ ಮಾಡ್ಲಿ ಅನ್ಸಿತು. ಒಂದನ್ನ ಬಿಟ್ಟು ಗೆರಿ ಎಳೀಬಹುದು. ಎರಡು ಬಿಟ್ರ ಗೆರಿ ನಿಲ್ಲೂದಿಲ್ಲ."

ಇಷ್ಟು ವರ್ಷ ನಾನು ಆ ಕಾರ್ಡಿನ ದಾರಿ ಕಾದಿದ್ದೆ ಎಂದು ಹೇಳಲಿಲ್ಲ. ಬೇರೆ ಪ್ರಶ್ನೆ ಕೇಳಿದೆ. ಅದೂ ನಮ್ಮ ಕಸುಬಿನ ಚಟ. "ಆ ಸುದ್ದಿಗೋಳಿಗೆ ಹೆಸರs ಇದ್ದಿದ್ದಿಲ್ಲ. ನಾ ಬರದದ್ದು ಅಂತ ಹೆಂಗ ಗೊತ್ತಾತು?"

"ನೀ ಪ್ರತಿ ಸಲಾ ಕಡೀಕ 'ತಿಳಿದುಬಂದಿದೆ' ಅಂತ ಬರೀತಿದ್ದಿ. ಯಾರಿಗೆ ತಿಳಿದು ಬಂತು, ಎಲ್ಲಿಂದ ಬಂತು, ಏನೂ ಇಲ್ಲ." ಅವಳು ನಕ್ಕಳು. ಐದನೆಯ ಇಯತ್ತೆಯ ನಗು. "ಟೇಪು ಐತೋ ಒಗದ್ಯೋ?"

ಪರದೆಯ ಕಥೆ ಹೇಳಿದೆ. ಎರಡೂ ಬಾಗಿಲಿಗೆ ಒಂದೊಂದು ಇಂಚು ಎಂದು ಕೇಳಿ ಅವಳಿಗೆ ಬಹಳ ಸಂತೋಷವಾಯಿತು. ಊರಿನ ಶಾಲೆಯವರು ಸನ್ಮಾನ ಮಾಡುತ್ತಾರಂತೆ, ಬರುತ್ತೀಯೇನು ಎಂದು ಕೇಳಿದೆ. ಮೊಣಕಾಲು ಸರಿಯಿಲ್ಲ, ಶಾಲು ಹೊದಿಸಿಕೊಂಡು ಕೂಡುವ ತಾಳ್ಮೆಯೂ ಇಲ್ಲ ಎಂದಳು. ಫೋನು ಇಟ್ಟಳು.

ಆರುನೂರು ಪದ ಬರೆದು ಕಳಿಸಿದೆ. ಅದರಲ್ಲಿ ಒಂದು ವಾಕ್ಯ ಹೀಗಿತ್ತು: "ಈ ಸಂಶೋಧನೆಗಾಗಿ ಊರಿನಿಂದ ಹದಿನಾರು ಅಳತೆಗಳು ಹೋಗಿದ್ದವು, ಅವುಗಳಲ್ಲಿ ಹದಿನೈದು ನಿಜ." ಮರುದಿನ ಉಪಸಂಪಾದಕಿಯ ಫೋನು.

"ಸರ್, ಹದಿನಾರೋ ಹದಿನೈದೋ, ಸ್ವಲ್ಪ ಗೊಂದಲ ಆಗುತ್ತೆ. ಒಂದು ಸುಳ್ಳು ಅಂತ ಹೇಗೆ ಹೇಳ್ತೀರಿ? ಕ್ಷಮಿಸಿ ಸರ್, ಯಾರು ಎಣಿಸಿದರು?"

"ಸುಳ್ಳು ಬರೆದವನೇ ಹೇಳಿದ್ದಾನೆ, ಹಾಗೇ ಇರಲಿ" ಎಂದೆ. ಅವಳು ಆ ವಾಕ್ಯವನ್ನು ಹಾಗೆಯೇ ಬಿಟ್ಟಳು. ಅಚ್ಚಾದ ಪ್ರತಿಯನ್ನು ಪುಣೆಗೆ ಕಳಿಸಿದ್ದೇನೆ.

ಮೊನ್ನೆ ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ನವಲಗುಂದಕ್ಕೆ ಹೋಗಿ, ಅಲ್ಲಿಂದ ಊರು ಮುಟ್ಟಿದೆ. ಹೊಲ ಈಗ ನನ್ನ ತಮ್ಮ ಮಾಡುತ್ತಾನೆ. ಕಡಲೆ ಕಿತ್ತು ಆಗಿತ್ತು. ಬನ್ನಿ ಗಿಡ ಒಂದು ಕಡೆ ಒಣಗಿದೆ, ಇನ್ನೊಂದು ಕಡೆ ಹಸಿರಿದೆ. ಅದರಿಂದ ಹತ್ತು ಹೆಜ್ಜೆಗೆ ಬಿರುಕು ಬಿಟ್ಟಿತ್ತು. ಅದೇ ಬಿರುಕು ಎಂದು ನಾನು ಹೇಳಲಾರೆ, ಗುರುತಿಗೆ ಬಳೆಚೂರು ಇರಲಿಲ್ಲ. ಈಗ ನನಗೆ ಮಂಡಿಯೂರುವುದು ಒಂದು ಕೆಲಸ, ಏಳುವುದು ಎರಡು ಕೆಲಸ. ಟೇಪು ಅಡ್ಡ ಹಿಡಿದೆ.

ತಮ್ಮ ಬದುವಿನ ಮೇಲೆ ನಿಂತು ನೋಡುತ್ತಿದ್ದ. "ಏನಣ್ಣಾ, ಹೊಲಕ್ಕ ಅಂಗಿ ಹೊಲಸ್ತಿಯೇನು?"

"ಹೂಂ. ಸುಮ್ನಿರು, ಲೆಕ್ಕ ತಪ್ಪತೈತಿ."

ಮೊದಲ ಸಲ ಮೂರೂಮುಕ್ಕಾಲು. ಎರಡನೆಯ ಸಲ ನಾಲ್ಕಕ್ಕೆ ಸ್ವಲ್ಪ ಕಡಿಮೆ. ಮೂರನೆಯ ಸಲ ಮೂರೂಮುಕ್ಕಾಲಿಗಿಂತ ಒಂದು ಗೆರೆ ಹೆಚ್ಚು. ಮೂರನ್ನೂ ಹಾಗೆಯೇ, ಬೇರೆ ಮಾತು ಸೇರಿಸದೆ, ಅಲ್ಲೇ ಕೂತು ಫೋನಿನಲ್ಲಿ ಬರೆದು ಕಳಿಸಿದೆ. ತಮ್ಮ ಬುತ್ತಿ ಬಿಚ್ಚಿ ರೊಟ್ಟಿ ಕೊಟ್ಟ. ತಿಂದೆವು. ಬಿಸಿಲು ಏರಿತು. ಗಿಡದ ಹಸಿರು ಕಡೆಯ ನೆರಳಿಗೆ ಸರಿದು ಕೂತೆವು. ಇಂಥ ಕಾಯುವಿಕೆಗೆ ನನಗೆ ಅಭ್ಯಾಸ ಉಂಟು, ಹಿಂದೆ ಗುರುವಾರದವರೆಗೆ ಕಾಯುತ್ತಿದ್ದೆ.

ರೊಟ್ಟಿ ಮುಗಿಸಿ ಕೈ ತೊಳೆಯುವಾಗ ಫೋನು ಸದ್ದು ಮಾಡಿತು. ಎರಡು ಸಾಲು.

"ತಲುಪಿತು.

ಒಂದ್ ಇಂಚು ಕಳದೀನಿ."